ತಿಮಿಂಗಿಲಕ್ಕೆ ಕಿವಿ ಬರೆದ ಕಲಾವಿದ

ಹಾಲೆಂಡಿನ ಚಿತ್ರಕಾರರೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ರೆಂಬ್ರಾಂಟನ ಹೆಸರು ಕೇಳಿಬರುತ್ತದೆ. ರೆಂಬ್ರಾಂಟ್ ಹುಟ್ಟುವ ವೇಳೆಗೆ ಐವತ್ತರ ಸಮೀಪದಲ್ಲಿದ್ದು, ತನ್ನ ಚಿತ್ರಗಳು ಯೂರೋಪಿನ ಅರಮನೆಗಳಲ್ಲೂ ಅಂಗಡಿಗಳಲ್ಲೂ ಹರಡುವುದನ್ನು ಕಣ್ಣಾರೆ ಕಂಡಿದ್ದ ಹೆಂಡ್ರಿಕ್ ಗೋಲ್ಟ್ಸಿಯಸನ ಹೆಸರು ಮಾತ್ರ ನಮ್ಮ ಕಡೆಗೆ ಬಂದದ್ದು ಕಡಿಮೆ. ಅವನು ಕೀರ್ತಿ ಪಡೆದದ್ದು ಬಣ್ಣದ ಕುಂಚದಿಂದಲ್ಲ, ತಾಮ್ರದ ತಗಡಿನ ಮೇಲೆ ಉಳಿಯಿಂದ ಕೆತ್ತಿದ ಗೆರೆಗಳಿಂದ. ಕುಂಚಕ್ಕೆ ಸಲ್ಲುವ ಮರ್ಯಾದೆ ಉಳಿಗೆ ಸಲ್ಲದಿರುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಗೋಲ್ಟ್ಸಿಯಸ್ ಹುಟ್ಟಿದ್ದು ೧೫೫೮ರಲ್ಲಿ, ಇಂದು ಜರ್ಮನಿಗೆ ಸೇರಿರುವ, ಹಾಲೆಂಡಿನ ಗಡಿಯ ಸಮೀಪದ ಒಂದು ಹಳ್ಳಿಯಲ್ಲಿ. ತಂದೆ ಗಾಜಿನ ಮೇಲೆ ಚಿತ್ರ ಬರೆಯುವ ಕಸಬಿನವನು. ಮಗುವಿಗೆ ವರ್ಷ ತುಂಬಿ ಸ್ವಲ್ಪ ಕಾಲವಾಗಿತ್ತು. ಆಗ ಅದು ಒಲೆಯ ಬೆಂಕಿಗೆ ಬಿದ್ದು ಎರಡು ಕೈಗಳನ್ನೂ ಕೆಂಡದಲ್ಲಿ ಸುಟ್ಟುಕೊಂಡಿತು. ತಾಯಿ ಮುಲಾಮು ಹಚ್ಚಿ, ಬೆರಳು ನೆಟ್ಟಗಿರಲೆಂದು ಚಕ್ಕೆ ಕಟ್ಟಿದಳು. ಒಬ್ಬ ನೆರೆಹೊರೆಯವಳು ತಾನು ಇದಕ್ಕಿಂತ ಚೆನ್ನಾಗಿ ಬಲ್ಲೆನೆಂದು ಚಕ್ಕೆಗಳನ್ನು ಬಿಚ್ಚಿ ಬಲಗೈಯನ್ನು ಬಟ್ಟೆಯಿಂದ ಸುತ್ತಿಬಿಟ್ಟಳು. ನರಗಳು ಕೂಡಿಕೊಂಡು ಆ ಕೈ ಜನ್ಮವಿಡೀ ಪೂರ್ತಿ ಬಿಚ್ಚಲಿಲ್ಲ. ಈ ಸಂಗತಿಯನ್ನು ಬರೆದಿಟ್ಟವನು ಅವನ ಗೆಳೆಯನೇ ಆದ ಕಾರೆಲ್ ವಾನ್ ಮಾಂಡರ್. ಚಿತ್ರಕಾರರ ಜೀವನಗಳನ್ನು ಕುರಿತ ಅವನ ಗ್ರಂಥ ೧೬೦೪ರಲ್ಲಿ ಅಚ್ಚಾಯಿತು.

ಅಂತಹ ಕೈಯುಳ್ಳ ಹುಡುಗ ಕೆತ್ತನೆಯ ಕೆಲಸವನ್ನೇ ಆರಿಸಿಕೊಂಡನೆಂದರೆ ಆಶ್ಚರ್ಯವಾಗುತ್ತದೆ. ಆದರೆ ಆ ಕೆಲಸವನ್ನು ಬಲ್ಲವರಿಗೆ ಅಷ್ಟು ಆಶ್ಚರ್ಯವಾಗಲಾರದು. ನಮ್ಮ ಮನೆತನ ಅಕ್ಕಸಾಲಿಗರದು. ಕಾಲೇಜಿನ ಓದು ನನ್ನಿಂದಲೇ ಆರಂಭ. ಒಡವೆಯ ಮೇಲೆ ಗೆರೆ ಎತ್ತುವಾಗ ನಮ್ಮ ಹಿರಿಯರು ಉಳಿಯ ಹಿಡಿಯನ್ನು ಅಂಗೈಯ ಗುಳಿಯಲ್ಲಿ ಕೂರಿಸಿಕೊಳ್ಳುವುದನ್ನು ಕಂಡು ಬೆಳೆದಿದ್ದೇನೆ. ಯೂರೋಪಿನ ತಾಮ್ರದ ಕೆತ್ತನೆಯೂ ಅಕ್ಕಸಾಲಿಗರ ಕಸಬಿನಿಂದಲೇ ಹುಟ್ಟಿದ್ದೆಂದು ಓದಿದಾಗ ನನಗೆ ಸಂತೋಷವಾಯಿತು. ಲೇಖನಿಯಂತೆ ಉಳಿಯನ್ನು ಬೆರಳುಗಳು ಆಡಿಸುವುದಿಲ್ಲ. ಅಂಗೈ ಅದನ್ನು ಮುಂದಕ್ಕೆ ತಳ್ಳುತ್ತದೆ, ಬಲ ತೋಳಿನಿಂದಲೂ ಭುಜದಿಂದಲೂ ಬರುತ್ತದೆ. ಗೆರೆ ಬಾಗಬೇಕಾದರೆ ಉಳಿಯನ್ನಲ್ಲ, ಚರ್ಮದ ದಿಂಬಿನ ಮೇಲಿಟ್ಟ ತಗಡನ್ನೇ ಎಡಗೈ ತಿರುಗಿಸುತ್ತದೆ. ಮುದುಡಿದ ಅಂಗೈ ಇಲ್ಲಿ ಅಡ್ಡಿಯಾಗದೆ ಹಿಡಿತಕ್ಕೆ ಒದಗಿರಬೇಕೆಂದು ಕಲಾವಿಮರ್ಶಕರು ಹೇಳುತ್ತಾರೆ. ಸಣ್ಣಗೆ ಹೊರಟು, ನಡುವೆ ತುಂಬಿಕೊಂಡು, ಮತ್ತೆ ಕೂದಲೆಳೆಯಾಗಿ ಮುಗಿಯುವ ಗೆರೆ ಗೋಲ್ಟ್ಸಿಯಸನ ವೈಶಿಷ್ಟ್ಯ. ೧೫೮೮ರಲ್ಲಿ ಆತ ತನ್ನ ಆ ಬಲಗೈಯನ್ನೇ, ಬಾಗಿದ ಬೆರಳುಗಳನ್ನು ಮರೆಮಾಚದೆ, ಶಾಯಿಯಲ್ಲಿ ಬರೆದನು. ಆ ಚಿತ್ರ ಹಾರ್ಲೆಂ ನಗರದ ಟೇಲರ್ಸ್ ಸಂಗ್ರಹಾಲಯದಲ್ಲಿದೆ.

ಅವನ ಗುರು ಕೂರ್ನ್‌ಹರ್ಟ್ ಎಂಬ ಪಂಡಿತ, ಕೆತ್ತನೆಗಾರ. ಸ್ಪೇನಿನ ವಿರುದ್ಧ ಡಚ್ಚರ ಯುದ್ಧ ನಡೆಯುತ್ತಿದ್ದ ಕಾಲವದು. ದೇಶಭ್ರಷ್ಟನಾಗಿದ್ದ ಗುರು ೧೫೭೭ರಲ್ಲಿ ಹಾರ್ಲೆಮಿಗೆ ಮರಳಿದಾಗ ಶಿಷ್ಯನೂ ಅಲ್ಲಿಗೇ ಬಂದು ನೆಲಸಿದನು. ಎರಡು ವರ್ಷಗಳ ಬಳಿಕ ಒಬ್ಬ ವಿಧವೆಯನ್ನು ಮದುವೆಯಾದನು. ಅವಳ ಮೊದಲ ಮಗ ಯಾಕೊಬ್ ಮಾತಮ್ ಮಲತಂದೆಯ ಕೈಕೆಳಗೆ ಪಳಗಿ ಒಳ್ಳೆಯ ಕೆತ್ತನೆಗಾರನಾದನು. ೧೫೮೨ರಲ್ಲಿ ಗೋಲ್ಟ್ಸಿಯಸ್ ಸ್ವಂತ ಮುದ್ರಣದ ಉದ್ಯಮವನ್ನೇ ಆರಂಭಿಸಿದನು.

ಹಣ, ಹೆಸರು ಎರಡೂ ಬಂದವು. ದೇಹ ಮಾತ್ರ ಕುಸಿಯಿತು. ಮೂರು ವರ್ಷಗಳಷ್ಟು ಕಾಲ ರಕ್ತ ಉಗುಳುತ್ತಿದ್ದನಂತೆ. ಬದುಕುವ ಆಸೆಯಿಲ್ಲದಿದ್ದರೂ ಇಟಲಿಯನ್ನೊಮ್ಮೆ ನೋಡಿಯೇ ಸಾಯಬೇಕೆಂದು ೧೫೯೦ರಲ್ಲಿ ಹೊರಟನು. ಹಾದಿಯಲ್ಲಿ ಆಳನ್ನು ಯಜಮಾನನನ್ನಾಗಿ ಮಾಡಿ ತಾನು ಆಳಿನ ವೇಷ ಹಾಕಿದನು; ತನ್ನ ಚಿತ್ರಗಳ ಬಗ್ಗೆ ಜನ ಮುಖಸ್ತುತಿಯಿಲ್ಲದೆ ಆಡುವ ಮಾತು ಕೇಳುವ ಚಪಲ! ರೋಮಿನಲ್ಲಿ ಆಗ ಘೋರ ಕ್ಷಾಮ. ಸಾಯುತ್ತಿದ್ದವರು ಬೀದಿಗಳಲ್ಲಿ ಬಿದ್ದಿರುವಾಗ, ಆ ದುರ್ವಾಸನೆಯ ನಡುವೆಯೇ ಕುಳಿತು ಪುರಾತನ ಶಿಲಾಪ್ರತಿಮೆಗಳನ್ನು ನೋಡಿ ಬರೆದುಕೊಂಡನು. ಸಾಯಹೊರಟವನು ಗುಣವಾಗಿ ಮನೆಗೆ ಬಂದನು.

ಮರಳಿದ ಮೇಲೆ ಅವನು ಕನ್ಯಾಮರಿಯಳ ಜೀವನವನ್ನು ಕುರಿತು ಆರು ಚಿತ್ರಗಳನ್ನು ಕೆತ್ತಿದನು. ಅವುಗಳಲ್ಲಿ ಹಿಂದಿನ ಮಹಾಕಲಾವಿದರ ಶೈಲಿಗಳನ್ನು ಅನುಕರಿಸಿದ್ದನು. ಜರ್ಮನಿಯ ಡ್ಯೂರರನ ಶೈಲಿಯ ಪ್ರತಿಯೊಂದರಿಂದ ತನ್ನ ಹೆಸರಿನ ಗುರುತನ್ನು ಸುಟ್ಟು ಅಳಿಸಿ, ಕಾಗದಕ್ಕೆ ಹೊಗೆ ಹಿಡಿಸಿ ಹಳೆಯದೆಂಬಂತೆ ಮಾಡಿ ಹರಿಯಬಿಟ್ಟನು. ಬಲ್ಲವರೆನಿಸಿಕೊಂಡವರು ಅದನ್ನು ಡ್ಯೂರರನ ಅಪೂರ್ವ ಕೃತಿಯೆಂದು ಕೊಂಡಾಡಿದರು. ಕುಚೇಷ್ಟೆಯೇ ಸರಿ, ಆದರೆ ಪಂಡಿತರಿಗೆ ಇಂತಹ ಪರೀಕ್ಷೆ ಆಗಾಗ್ಗೆ ನಡೆಯುವುದು ಒಳ್ಳೆಯದು.

ಇದೇ ಡ್ಯೂರರ್ ೧೫೨೦ರ ಡಿಸೆಂಬರಿನಲ್ಲಿ ತಿಮಿಂಗಿಲವೊಂದು ದಡಕ್ಕೆ ಬಿದ್ದಿದೆಯೆಂದು ಕೇಳಿ ಝೀಲೆಂಡಿಗೆ ಓಡಿದ್ದನು. ಬಿರುಗಾಳಿಗೆ ಸಿಕ್ಕಿ ದೋಣಿ ಮುಳುಗುವುದರಲ್ಲಿತ್ತು. ಅವನು ತಲಪುವಷ್ಟರಲ್ಲಿ ಸಮುದ್ರವೇ ಅದನ್ನು ಹೊತ್ತೊಯ್ದಿತ್ತು. ಡ್ಯೂರರನಿಗೆ ತಪ್ಪಿದ ಅವಕಾಶ ಗೋಲ್ಟ್ಸಿಯಸನ ಪಾಲಿಗೆ ಬಂತು. ೧೫೯೮ರ ಫೆಬ್ರವರಿ ೩ರಂದು ಬೆರ್ಕ್‌ಹೇ ಎಂಬ ಬೆಸ್ತರ ಊರಿನ ಮರಳಿನ ಮೇಲೆ ಐವತ್ತು ಅಡಿಗೂ ಮೀರಿದ ಗಂಡು ಸ್ಪರ್ಮ್ ತಿಮಿಂಗಿಲವೊಂದು ಬಂದು ಬಿತ್ತು.

ಈ ಪ್ರಾಣಿಯ ತಲೆಯೇ ದೇಹದ ಮೂರನೆಯ ಒಂದು ಭಾಗದಷ್ಟಿರುತ್ತದೆ. ಅದರೊಳಗೆ ಮೇಣದಂತಹ ಎಣ್ಣೆ ತುಂಬಿರುತ್ತದೆ. ಕೆಳದವಡೆ ಮಾತ್ರ ಇಕ್ಕಳದಂತೆ ಕಿರಿದು. ಹೆಣ್ಣುಗಳೂ ಮರಿಗಳೂ ಬೆಚ್ಚನೆಯ ಸಮುದ್ರಗಳಲ್ಲಿ ಉಳಿದರೆ, ಗಂಡುಗಳು ಉತ್ತರದ ತಣ್ಣೀರಿಗೆ ಹೋಗುತ್ತವೆ. ಸಾವಿರ ಮೀಟರಿಗೂ ಕೆಳಗೆ ಮುಳುಗಿ ಬೇಟೆಯಾಡುವ ಅವು ದಾರಿ ತಪ್ಪಿ ಆಳವಿಲ್ಲದ ಉತ್ತರ ಸಮುದ್ರಕ್ಕೆ ನುಗ್ಗಿದರೆ ಹೊರಬರುವುದು ಕಷ್ಟ. ಮರಳಿಗೆ ಬಿದ್ದ ತಿಮಿಂಗಿಲವನ್ನು ಅದರ ಸ್ವಂತ ಭಾರವೇ ಕೊಲ್ಲುತ್ತದೆ.

ಗೋಲ್ಟ್ಸಿಯಸ್ ಬರೆದ ಚಿತ್ರವನ್ನು ಮಾತಮ್ ಅದೇ ವರ್ಷ ತಾಮ್ರದಲ್ಲಿ ಕೆತ್ತಿದನು. ನಡುವೆ ಬೆಟ್ಟದಂತೆ ಬಿದ್ದ ಹೆಣ. ಸುತ್ತ ಗಾಡಿಗಳಲ್ಲಿ, ಕುದುರೆಗಳ ಮೇಲೆ, ಕಾಲ್ನಡಿಗೆಯಲ್ಲಿ ಬಂದ ಜನ. ಮೈಮೇಲೆ ಹತ್ತಿದವರು, ಅಳೆಯುವವರು, ಸುಮ್ಮನೆ ಬೆರಗಾಗಿ ನಿಂತವರು. ನಮ್ಮ ಜಾತ್ರೆಯ ತೇರಿನ ಸುತ್ತ ಕಾಣುವ ಮುಖಗಳೇ ಎನ್ನಬಹುದು. ಅಲ್ಲಿಯವರೆಗೆ ಯೂರೋಪಿನ ಭೂಪಟಗಳ ಸಮುದ್ರದಲ್ಲಿ ತಿಮಿಂಗಿಲವೆಂದರೆ ಕೋರೆಹಲ್ಲು, ಪಂಜ, ತಲೆಯಿಂದ ಚಿಮ್ಮುವ ಎರಡು ಕಾರಂಜಿ. ನಮ್ಮವರೂ ತಿಮಿಯನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗುವುದು ತಿಮಿಂಗಿಲಗಿಲ ಎಂದು ಹೆಸರಿಟ್ಟು ತೃಪ್ತರಾಗಿದ್ದರು. ಇಲ್ಲಿ ಮೊದಲ ಬಾರಿಗೆ ಎನ್ನುವಷ್ಟರ ಮಟ್ಟಿಗೆ ನಿಜವಾದ ತಲೆ, ನಿಜವಾದ ದವಡೆ, ಪಕ್ಕದ ಮನುಷ್ಯನಿಂದ ತಿಳಿಯುವ ನಿಜವಾದ ಗಾತ್ರ ಕಂಡವು.

ಆದರೂ ಅದರಲ್ಲಿ ಒಂದು ತಪ್ಪಿದೆ. ಕಣ್ಣಿನ ಪಕ್ಕದಲ್ಲಿಯೇ ಕಿವಿಯಂತಹದೊಂದು ಅಂಟಿಕೊಂಡಿದೆ. ತಿಮಿಂಗಿಲಕ್ಕೆ ಹೊರಕಿವಿಯಿಲ್ಲ, ಕಣ್ಣಿನ ಹಿಂದೆ ಸೂಕ್ಷ್ಮವಾದ ರಂಧ್ರವೊಂದುಂಟು ಅಷ್ಟೆ. ಚಿತ್ರದಲ್ಲಿರುವುದು ವಾಸ್ತವವಾಗಿ ಈಜುರೆಕ್ಕೆ. ಇನ್ನೂ ಹಿಂದಕ್ಕಿರಬೇಕಾದದ್ದು ಕಣ್ಣಿನ ಬಳಿಗೆ ಬಂದಿದೆ. ಹಸು ಕುದುರೆಗಳನ್ನು ಕಂಡ ಕಣ್ಣು ದೊಡ್ಡ ತಲೆಯನ್ನು ಕಂಡೊಡನೆ ಅಲ್ಲೊಂದು ಕಿವಿಯನ್ನು ನಿರೀಕ್ಷಿಸಿತೆಂದು ಕಾಣುತ್ತದೆ. ಕಲಾಚರಿತ್ರೆಕಾರ ಗಾಂಬ್ರಿಖ್ ೧೯೬೦ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಕಿವಿಯನ್ನು ತೋರಿಸಿಕೊಟ್ಟಿದ್ದಾನೆ. ಅದಕ್ಕಿಂತ ತಮಾಷೆಯೆಂದರೆ, ೧೬೦೧ರಲ್ಲಿ ಇಟಲಿಯ ಆಂಕೋನಾದ ಬಳಿ ಬಿದ್ದ ತಿಮಿಂಗಿಲವನ್ನು ಸಾಕ್ಷಾತ್ ನೋಡಿ ಬರೆದದ್ದೆಂದು ಸಾರುವ ಚಿತ್ರವೊಂದು ಅಚ್ಚಾಯಿತು. ಅದು ಮೂರು ವರ್ಷ ಹಿಂದಿನ ಈ ಡಚ್ ಚಿತ್ರದ ನಕಲೇ. ಕಿವಿಯೂ ಸುರಕ್ಷಿತವಾಗಿ ಅಲ್ಲಿಗೆ ತಲಪಿತ್ತು.

ಒಂದು ವಾಕ್ಯದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ತಗಡಿನಲ್ಲಿ ಕೆತ್ತಿದ ತಪ್ಪು ನೂರಾರು ಪ್ರತಿಗಳಾಗಿ, ಪ್ರತಿಗಳಿಂದ ಬೇರೆ ತಗಡುಗಳಾಗಿ ಬೆಳೆಯುತ್ತದೆ. ಇದಕ್ಕಾಗಿ ಗೋಲ್ಟ್ಸಿಯಸನನ್ನು ಹಳಿಯಲು ನನಗೆ ಮನಸ್ಸಾಗುವುದಿಲ್ಲ. ಕೊಳೆಯುವ ಹೆಣ ಗಾಳಿ ತುಂಬಿ ಉಬ್ಬುತ್ತದೆ, ಓರೆಯಾಗಿ ಮರಳಿನಲ್ಲಿ ಹುದುಗುತ್ತದೆ. ಜೀವಂತ ತಿಮಿಂಗಿಲವನ್ನು ನೀರಿನಲ್ಲಿ ಇಡಿಯಾಗಿ ಕಂಡವರು ಆಗ ಯಾರೂ ಇರಲಿಲ್ಲ. ನೋಡಿದ್ದೇನೆಂದು ಸುಳ್ಳು ಹೇಳಿದ ನಕಲುಗಾರನಿಗೆ ಈ ಸಮಾಧಾನ ಸಲ್ಲದು.

ಅವನ ಶಿಷ್ಯ ಯಾನ್ ಸಾನ್‌ರೆಡಂ ಇದೇ ದಾರಿ ಹಿಡಿದನು. ೧೬೦೧ರ ಡಿಸೆಂಬರಿನಲ್ಲಿ ಬೆವರ್‌ವೈಕ್ ಬಳಿ ಬಿದ್ದ ಇನ್ನೊಂದು ತಿಮಿಂಗಿಲವನ್ನು ಆತ ಕೆತ್ತಿದ ಚಿತ್ರದಲ್ಲಿ ರಾಜವಂಶದ ಅರ್ನೆಸ್ಟ್ ಕಾಸಿಮಿರ್ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದಾನೆ. ಒಂದು ಬದಿಗೆ ಸಾನ್‌ರೆಡಂ ತಾನೇ ಚಿತ್ರ ಬರೆಯುತ್ತಿದ್ದಾನೆ. ಮೇಲ್ಭಾಗದಲ್ಲಿ ಆಗ ಸಂಭವಿಸಿದ ಸೂರ್ಯಗ್ರಹಣ, ಭೂಕಂಪಗಳ ಕುರುಹುಗಳಿವೆ. ತಿಮಿಂಗಿಲ ದಡಕ್ಕೆ ಬಿದ್ದರೆ ದೇಶಕ್ಕೆ ಕೇಡೆಂದು ಯುದ್ಧಪೀಡಿತ ಜನ ಹೆದರುತ್ತಿದ್ದ ಕಾಲ. ಹೆದರುತ್ತಲೇ ಅಳತೆಯನ್ನೂ ತೆಗೆದುಕೊಂಡರೆಂಬುದು ಆ ಜನರ ವಿಶೇಷ.

ಗೋಲ್ಟ್ಸಿಯಸ್ ೧೬೦೦ರ ಸುಮಾರಿಗೆ ಉಳಿಯನ್ನು ಬದಿಗಿಟ್ಟು ಬಣ್ಣದ ಚಿತ್ರಗಳಿಗೆ ಕೈಹಾಕಿದನು. ಆ ಚಿತ್ರಗಳು ಚೆನ್ನಾಗಿವೆ, ಆದರೆ ಗೆರೆಯಲ್ಲಿದ್ದ ಒಡೆತನ ಬಣ್ಣದಲ್ಲಿಲ್ಲ. ರಸವಿದ್ಯೆಯ ಹುಚ್ಚೂ ಹಿಡಿದಿತ್ತು. ಅದರಲ್ಲಿ ಮೋಸವೂ ಹೋದನು. ೧೬೧೭ರ ಜನವರಿ ೧ರಂದು ಹಾರ್ಲೆಮಿನಲ್ಲಿಯೇ ತೀರಿಕೊಂಡನು.

ಬೆರ್ಕ್‌ಹೇಯ ತಿಮಿಂಗಿಲಕ್ಕೆ ಮಾತ್ರ ಅನಂತರವೂ ಆಯುಸ್ಸಿತ್ತು. ಲೈಡನ್ನಿನ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ೧೬೦೫ರ ತನ್ನ ಗ್ರಂಥದಲ್ಲಿ ಅದನ್ನು ವರ್ಣಿಸಿದನು. ಇಂತಹ ವರ್ಣನೆಗಳನ್ನೇ ನೆಚ್ಚಿ ಲಿನೆಯಸ್ ೧೭೫೮ರಲ್ಲಿ ಈ ಕುಲಕ್ಕೆ ನಾಲ್ಕು ಜಾತಿಗಳನ್ನು ಎಣಿಸಿದನು. ಸ್ಪರ್ಮ್ ತಿಮಿಂಗಿಲ ಒಂದೇ ಜಾತಿಯೆಂಬುದು ಬಹಳ ತಡವಾಗಿ ಇತ್ಯರ್ಥವಾಯಿತು. ೨೦೧೬ರ ಜನವರಿ, ಫೆಬ್ರವರಿಗಳಲ್ಲಿ ಅದೇ ಉತ್ತರ ಸಮುದ್ರದ ದಡಗಳಲ್ಲಿ ಮೂವತ್ತು ಗಂಡು ತಿಮಿಂಗಿಲಗಳು ಬಿದ್ದು ಸತ್ತವು. ಆಗಲೂ ಜನ ನೆರೆದರು; ಉಳಿಯ ಬದಲು ಕೈಯಲ್ಲಿ ಕ್ಯಾಮರಾ ಇತ್ತು.

ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ನೋಡುವ ಭಾಗ್ಯ ಛಾಯಾಗ್ರಾಹಕರಿಗೆ ದೊರೆತದ್ದು ನೀರಿನೊಳಗೆ ಇಳಿಯುವ ಸಾಧನಗಳು ಬಂದ ಮೇಲೆ. ಈ ಪ್ರಾಣಿಗಳು ನಿದ್ರಿಸುವಾಗ ನೀರಿನಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುತ್ತವೆಂದು ೨೦೦೮ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಚಿಲಿ ದೇಶದ ಬಳಿ ಅವರ ದೋಣಿ ಅಂತಹ ಒಂದು ಗುಂಪಿನೊಳಕ್ಕೆ ತೇಲಿಹೋಗಿತ್ತು. ದೋಣಿ ಒಂದರ ಮೈಗೆ ತಾಗುವವರೆಗೂ ಅವುಗಳಿಗೆ ಎಚ್ಚರವಾಗಿರಲಿಲ್ಲ. ಆಮೇಲೆ ಬಂದ ಛಾಯಾಚಿತ್ರಗಳಲ್ಲಿ, ಮುಳುಗಿದ ದೇವಾಲಯದ ಕಂಬಗಳಂತೆ, ಅವು ನೀಲಿ ನೀರಿನಲ್ಲಿ ಸಾಲಾಗಿ ನಿಂತಿವೆ. ಈಜುರೆಕ್ಕೆ ತನ್ನ ಸ್ಥಾನದಲ್ಲಿದೆ. ಕಣ್ಣು ಎಲ್ಲಿದೆಯೆಂದು ಹುಡುಕಬೇಕು.