ರಾಬರ್ಟ್ ಚಿಸಮ್

ಮದರಾಸಿನ ಕಡಲ ದಂಡೆಯಲ್ಲಿ ಸೆನೆಟ್ ಭವನವನ್ನು ಕಟ್ಟಿಸಿದ ವಾಸ್ತುಶಿಲ್ಪಿ ರಾಬರ್ಟ್ ಫೆಲೋಸ್ ಚಿಸಮ್. 1840ರಲ್ಲಿ ಲಂಡನ್ನಿನಲ್ಲಿ ಜನಿಸಿದ ಇವರು ಕಲ್ಕತ್ತೆಗೆ ಬಂದು, ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದು, 1865ರಲ್ಲಿ ಮದರಾಸನ್ನು ಸೇರಿದರು; ಮುಂದೆ ಇಲ್ಲಿಯ ಕಲಾಶಾಲೆಯ ಮುಖ್ಯಸ್ಥರೂ ಆದರು. ತಮ್ಮ ದೇಶದ ಮಾದರಿಯನ್ನೇ ಹೇರದೆ, ಈ ನಾಡಿನ ಶಿಲ್ಪವನ್ನು ವಿನಯದಿಂದ ಕಲಿತುದೇ ಇವರ ಹಿರಿಮೆ.

1874ರಲ್ಲಿ ಆರಂಭವಾದ ಸೆನೆಟ್ ಭವನ 1879ರಲ್ಲಿ ಪೂರ್ಣಗೊಂಡಿತು. ಅದರ ಮಹಾಸಭಾಂಗಣದ ಬಣ್ಣದ ಗಾಜಿನ ಕಿಟಕಿಗಳು ಸುಡುಬಿಸಿಲನ್ನೇ ಸೌಮ್ಯವಾದ ವರ್ಣಪ್ರಭೆಯಾಗಿ ಮಾರ್ಪಡಿಸುತ್ತವೆ. ಮದರಾಸು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆ ಪದವಿ ನೀಡುತ್ತಿದ್ದುದು ಈ ವಿಶ್ವವಿದ್ಯಾನಿಲಯವೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಮೈಸೂರು ಸೀಮೆಯ ಕಾಲೇಜುಗಳೂ ಇದಕ್ಕೇ ಸೇರಿದ್ದವು.

ಚಿಸಮ್ 1915ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ಕಾಲಕ್ರಮದಲ್ಲಿ ಭವನವು ಶಿಥಿಲವಾಯಿತು. 2006ರ ಸುಮಾರಿಗೆ ಅದರ ಜೀರ್ಣೋದ್ಧಾರ ನಡೆಯಿತು. ಕಟ್ಟಿದವರಿಗೆ ಸಲ್ಲುವ ನಿಜವಾದ ಗೌರವವೆಂದರೆ ಕಟ್ಟಿದುದನ್ನು ಕಾಪಾಡುವುದೇ ಅಲ್ಲವೆ?