ತಾಮ್ರದ ಹಂಡೆಯ ಚಿತ್ರಕಾರ

ಚಿತ್ರಕಲೆಯ ತರಗತಿಯಲ್ಲಿ ಮೇಜಿನ ಮೇಲೆ ಹಿತ್ತಾಳೆಯ ಚೊಂಬನ್ನಿಟ್ಟು ಬರೆಯಿರೆಂದರೆ ವಿದ್ಯಾರ್ಥಿಗಳ ಮುಖ ಸಪ್ಪಗಾಗುವುದನ್ನು ನಾವು ನೋಡಿದ್ದೇವೆ. ದೇವರು, ರಾಜರು, ಯುದ್ಧಗಳಿರುವಾಗ ಚೊಂಬೇ? ಹದಿನೆಂಟನೆಯ ಶತಮಾನದ ಪ್ಯಾರಿಸಿನ ಕಲಾಪಂಡಿತರದೂ ಇದೇ ಅಭಿಪ್ರಾಯ. ಪುರಾಣ ಮತ್ತು ಚರಿತ್ರೆಯ ಚಿತ್ರಗಳಿಗೆ ಅವರಲ್ಲಿ ಮೊದಲ ಮಣೆ. ಪಾತ್ರೆ ಪರಡಿಗಳಿಗೆ ಕಟ್ಟಕಡೆಯದು. ಆ ಕಡೆಯ ಮಣೆಯಲ್ಲೇ ಕುಳಿತು ಕೀರ್ತಿ ಪಡೆದವನು ಶಾರ್ದಾಂ.

ಈತ 1699ರ ನವೆಂಬರ್ 2ರಂದು ಪ್ಯಾರಿಸಿನಲ್ಲಿ ಹುಟ್ಟಿದನು. ತಂದೆ ಬಿಲಿಯರ್ಡ್ಸ್ ಮೇಜುಗಳನ್ನು ಮಾಡುತ್ತಿದ್ದ ಬಡಗಿ. 1728ರಲ್ಲಿ ರಾಜರ ಚಿತ್ರಕಲಾ ಅಕಾಡೆಮಿಯು ಇವನನ್ನು ಸೇರಿಸಿಕೊಂಡಿತು, ಆದರೆ ಪ್ರಾಣಿ ಮತ್ತು ಹಣ್ಣುಗಳನ್ನು ಬರೆಯುವವನೆಂದು.

ಸುಮಾರು 1734ರಲ್ಲಿ ಅವನು ನಲ್ಲಿಯಿರುವ ತಾಮ್ರದ ನೀರಿನ ಹಂಡೆಯೊಂದನ್ನು ಎಣ್ಣೆಬಣ್ಣದಲ್ಲಿ ಬರೆದನು. ಮೂರು ಕಾಲಿನ ಮರದ ಪೀಠದ ಮೇಲೆ ಹಂಡೆ, ಪಕ್ಕದಲ್ಲಿ ಬಕೀಟು. ಹಲಗೆಯ ಎತ್ತರ ಒಂದಡಿಯೂ ಇಲ್ಲ. 1735ರಲ್ಲಿ ಅವನ ಹೆಂಡತಿ ಮಾರ್ಗರೆಟ್ ತೀರಿಕೊಂಡಳು. 1737ರಲ್ಲಿ ಮನೆಯ ಸಾಮಾನುಗಳ ಪಟ್ಟಿ ಮಾಡಿದಾಗ ತಾಮ್ರದ ಹಂಡೆಯೂ ಅದರಲ್ಲಿ ಸೇರಿತು. ಚಿತ್ರದಲ್ಲಿರುವುದು ಆ ಸಂಸಾರ ದಿನವೂ ನೀರು ಹಿಡಿದುಕೊಳ್ಳುತ್ತಿದ್ದ ಹಂಡೆಯೇ!

ಲೋಹವನ್ನು ಬರೆಯುವುದು ಸುಲಭವಲ್ಲ. ಬೆಳ್ಳಿಯೆಂದರೆ ಬಿಳಿ ಬಣ್ಣ ಬಳಿಯುವುದೆಂದು ನಾವು ತಿಳಿದಿದ್ದೇವಲ್ಲ, ಶಾರ್ದಾಂ ಸುಮಾರು 1768ರಲ್ಲಿ ಬರೆದ ಬೆಳ್ಳಿ ಲೋಟದ ಚಿತ್ರವನ್ನು ನೋಡಬೇಕು. ಲೋಟದ ಬಹುಭಾಗ ಕಪ್ಪು ಮಿಶ್ರಿತ ಬೂದುಬಣ್ಣ. ಪಕ್ಕದ ಸೇಬುಹಣ್ಣುಗಳ ಕೆಂಪು ಅದರ ಮೈಮೇಲೆ ಮೂಡಿದೆ. ಬಿಳಿಯಿರುವುದು ಬೆಳಕು ತಾಗುವಲ್ಲಿ ಮಾತ್ರ, ಕುಂಚದ ಒಂದೆರಡು ಸ್ಪರ್ಶದಷ್ಟು. ಹತ್ತಿರದಿಂದ ಬರಿಯ ಬಣ್ಣ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆಳ್ಳಿ. ಅವನು ಬಹಳ ನಿಧಾನಿ. ವರ್ಷಕ್ಕೆ ಕೆಲವೇ ಚಿತ್ರಗಳು ಮುಗಿಯುತ್ತಿದ್ದವು.

ತಾನು ಏರದ ಮಣೆಯನ್ನು ಮಗನಾದರೂ ಏರಲೆಂಬ ಆಸೆ ಅವನಿಗಿದ್ದಿರಬೇಕು. ಮಗನಿಗೆ ಚರಿತ್ರೆಯ ಚಿತ್ರಗಳನ್ನೇ ಕಲಿಸಿದನು. 1754ರಲ್ಲಿ ಅವನಿಗೆ ಅಕಾಡೆಮಿಯ ದೊಡ್ಡ ಬಹುಮಾನವೂ ಬಂದಿತು. ಆದರೆ ಹೆಸರು ಗಳಿಸುವ ಮೊದಲೇ, ತಂದೆ ಬದುಕಿರುವಾಗಲೇ, ಆ ಮಗ ಇಲ್ಲವಾದನು.

ಮುಪ್ಪಿನಲ್ಲಿ ಕಣ್ಣು ಮಂದವಾಗಿ ಎಣ್ಣೆಬಣ್ಣ ಕೈಬಿಟ್ಟಿತು. ಎಪ್ಪತ್ತು ದಾಟಿದ ಶಾರ್ದಾಂ ಬಣ್ಣದ ಕಡ್ಡಿಗಳನ್ನು ಹಿಡಿದನು. ಕನ್ನಡಕ ಹಾಕಿಕೊಂಡ ತನ್ನ ಮುಖವನ್ನೇ ಬರೆದನು. 1757ರಲ್ಲಿ ದೊರೆ ಹದಿನೈದನೆಯ ಲೂಯಿ ಅವನಿಗೆ ಲೂವ್ರ್ ಅರಮನೆಯಲ್ಲಿ ವಾಸಕ್ಕೆ ಮನೆ ಕೊಟ್ಟಿದ್ದನು. 1779ರ ಡಿಸೆಂಬರ್ 6ರಂದು ಅಲ್ಲಿಯೇ ಅವನು ಕಣ್ಣು ಮುಚ್ಚಿದನು. ಆ ಅರಮನೆ ಈಗ ವಸ್ತುಸಂಗ್ರಹಾಲಯ. ತಾಮ್ರದ ಹಂಡೆಯ ಚಿತ್ರವೂ ಬೆಳ್ಳಿ ಲೋಟದ ಚಿತ್ರವೂ ಅಲ್ಲಿಯೇ ಇವೆ.