ಬುಕಾನನ್ ಕೇಳಿದ ಪ್ರಶ್ನೆಗಳು

ಬೂದಿಕೋಟೆಯೆಂದೊಡನೆ ಎಲ್ಲರಿಗೂ ನೆನಪಾಗುವವನು ಅಲ್ಲಿ ಹುಟ್ಟಿದ ಹೈದರ್ ಅಲಿ. ಆ ಊರಿನವನಾದ ನಾನು ಇಲ್ಲಿ ಬರೆಯಹೊರಟಿರುವುದು ಮಾತ್ರ ಇನ್ನೊಬ್ಬನ ಜೀವನವನ್ನು. ಅದಕ್ಕೆ ಕಾರಣವಿದೆ. ಅರ್ಥಶಾಸ್ತ್ರದ ತರಗತಿಗಾಗಿ ನಮ್ಮೂರಿನ ಆರ್ಥಿಕ ಪರಿಶೀಲನೆಗೆ ನಾನೊಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದ್ದೆ. ಅದನ್ನು ಹಿಡಿದು ಹೋದಾಗ ಮೊದಲ ಮನೆಯ ಅಜ್ಜನೇ, ಇದೆಲ್ಲ ಯಾರಿಗಾಗಿ ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಉತ್ತರವನ್ನು ಹುಡುಕುತ್ತ ನಾನು ಓದಿದ್ದು ಫ್ರಾನ್ಸಿಸ್ ಬುಕಾನನ್ನನ ಚರಿತ್ರೆಯನ್ನು.

ಬುಕಾನನ್ 1762ರಲ್ಲಿ ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬಲ್ಲಿ ಜನಿಸಿದನು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಓದಿ 1783ರಲ್ಲಿ ಪದವಿ ಪಡೆದನು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಯನ್ನು ಸೇರಿದನು. ಸಸ್ಯಶಾಸ್ತ್ರದಲ್ಲಿ ಆತನಿಗೆ ಬಹಳ ಆಸಕ್ತಿ.

1799ರಲ್ಲಿ ಟಿಪ್ಪು ಮಡಿದನು. ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು; ಮೈಸೂರು ಸಂಸ್ಥಾನವು ಕಂಪನಿಯ ರಕ್ಷಣೆಗೆ ಒಳಗಾಯಿತು. ಆ ರಕ್ಷಣೆಗೆ ಸಂಸ್ಥಾನವು ವರ್ಷಕ್ಕೆ 7 ಲಕ್ಷ ವರಾಹಗಳನ್ನು ತೆರಬೇಕಾಗಿತ್ತು. ಇಂಥ ನಾಡಿನಲ್ಲಿ ಏನೇನಿದೆಯೆಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ರ ಫೆಬ್ರವರಿಯಲ್ಲಿ ಬುಕಾನನ್ನನನ್ನು ನೇಮಿಸಿದನು. ಕೇಳಬೇಕಾದ ವಿಷಯಗಳ ಪಟ್ಟಿಯನ್ನೂ ಕೊಟ್ಟನು. ಮೊದಲನೆಯದು ಬೇಸಾಯ, ಬಳಿಕ ದನಕರುಗಳು, ಹಿಡುವಳಿ, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿಗಳು, ಕೈಗಾರಿಕೆ, ಹವಾಗುಣ, ಕೊನೆಗೆ ಜನಗಳು.

ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್ ವೆಂಕಟಗಿರಿಕೋಟೆ, ಬೇತಮಂಗಲ, ಟೇಕಲ್ ಮಾರ್ಗವಾಗಿ ಬೆಂಗಳೂರನ್ನು ಸೇರಿದನು. ಬೇತಮಂಗಲವೂ ಟೇಕಲ್ಲೂ ನಮಗೆ ನೆರೆಯ ಊರುಗಳೇ. ದುಭಾಷಿಯ ನೆರವಿನಿಂದ ರೈತರನ್ನೂ ನೇಕಾರರನ್ನೂ ವಿಚಾರಿಸುತ್ತ, ರಾಗಿಯ ಬಿತ್ತನೆ, ಕೂರಿಗೆ, ಕೆರೆ, ಕಂದಾಯಗಳನ್ನೆಲ್ಲ ಬರೆದುಕೊಂಡನು. ಕೆನರಾ, ಮಲಬಾರುಗಳನ್ನೂ ಸುತ್ತಿ 1801ರ ಜುಲೈನಲ್ಲಿ ಮದರಾಸಿಗೆ ಮರಳಿದನು. ಆತನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮುಂದೆ 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳನ್ನು ಇದೇ ರೀತಿ ಪರಿಶೀಲಿಸಿದನು. 1815ರಲ್ಲಿ ತಾಯ್ನಾಡಿಗೆ ಹಿಂದಿರುಗಿ, 1829ರಲ್ಲಿ ತೀರಿಕೊಂಡನು.

ಆತನ ಶ್ರಮಕ್ಕೆ ತಲೆಬಾಗದಿರಲಾಗದು. ಅಂದಿನ ರೈತನ ಬೇಸಾಯವನ್ನು ಇಂದು ನಾವು ಅಷ್ಟು ವಿವರವಾಗಿ ತಿಳಿಯುವುದು ಅವನ ಪುಟಗಳಿಂದಲೇ. ಆದರೆ ಕಂದಾಯಕ್ಕೆ ಹೆದರಿದ ರೈತನು ಆಳುವವರ ಕಡೆಯವನಿಗೆ ಪೂರ್ತಿ ನಿಜವನ್ನು ಹೇಳಿಯಾನೆ? ಹೇಳಿದ್ದರೂ ಅದನ್ನು ಓದಿದವರು ಲಂಡನ್ನಿನವರು. ಹೇಳಿದವನಿಗೆ ಆ ಪುಸ್ತಕ ಸಿಕ್ಕಲಿಲ್ಲ.

ನಮ್ಮ ಸೀಮೆಗೆ ಇದು ಹೊಸದಲ್ಲ. 1802ರಲ್ಲಿ ವಾರನ್ ಎಂಬ ಸೈನ್ಯಾಧಿಕಾರಿಯು ಉರಿಗಾಂ, ಮಾರಿಕುಪ್ಪಗಳ ಕಡೆಯ ಚಿನ್ನವನ್ನು ಪರಿಶೀಲಿಸಿದನು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದರು. 2001ರಲ್ಲಿ ಗಣಿಯೇ ಮುಚ್ಚಿತು. ನನ್ನ ತಾತ ಆ ಗಣಿಯಲ್ಲಿ ದುಡಿದವರು. ನೆಲದಲ್ಲಿ ಏನಿದೆಯೆಂದು ಕೇಳಿದವರು ಅನೇಕರು. ನೆಲದ ಮೇಲಿನವರಿಗೆ ಏನು ಬೇಕೆಂದು ಕೇಳಿದವರು ವಿರಳ.

ನಾನು ನನ್ನ ಪ್ರಶ್ನಾವಳಿಯನ್ನು ತಿದ್ದಿದೆ. ಬುಕಾನನ್ನನ ಪಟ್ಟಿಯಲ್ಲಿ ಕೊನೆಗಿದ್ದ ಜನರನ್ನು ಮೊದಲಿಗೆ ತಂದೆ. ಬರೆದುದನ್ನು ಊರ ಅರಳಿಕಟ್ಟೆಯಲ್ಲಿ ಓದಿ ಹೇಳುವೆನೆಂದು ಅಜ್ಜನಿಗೆ ಮಾತು ಕೊಟ್ಟೆ. ಅವರು ಚಾಪೆ ಹಾಸಿ ಕೂರಿಸಿದರು. ಸಹಪಾಠಿಗಳೇ, ಪರಿಶೀಲನೆಗೆ ಹೊರಡುವ ಮುನ್ನ ಅಜ್ಜನ ಪ್ರಶ್ನೆಗೆ ನೀವೂ ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಿ.